ನಮ್ಮ ಮನೆ ಖಾನಾವಳಿಯಾದ ಶ್ರಾವಣ

ಹೋದ ತಿಂಗಳು ಕುಮಟೆಯ ಕಾಲೇಜಿನಲ್ಲಿ ಒಂದು ನಾಟಕ ನೋಡಿದೆ. ನೆರೆಮನೆಯ ಹುಡುಗಿ ಅದರಲ್ಲಿ ಪಾತ್ರ ಮಾಡುತ್ತಿದ್ದಳು. 'ಅಜ್ಜಿ, ನೀವು ಬರಲೇಬೇಕು' ಎಂದು ಹಟ ಹಿಡಿದು ನನ್ನನ್ನು ರಿಕ್ಷಾ ಹತ್ತಿಸಿಕೊಂಡು ಹೋದಳು. ಯಾವ ನಾಟಕ, ಯಾರದ್ದು ಎಂದು ನಾನು ಕೇಳಿರಲಿಲ್ಲ. ಈ ವಯಸ್ಸಿನಲ್ಲಿ ಎರಡು ತಾಸು ಕುರ್ಚಿಯಲ್ಲಿ ಸುಮ್ಮನೆ ಕೂರಲು ಬಂದರೆ ಸಾಕು ಎಂದುಕೊಂಡಿದ್ದೆ. ಪರದೆ ಎದ್ದು ಸ್ವಲ್ಪ ಹೊತ್ತಿಗೆ ಇಬ್ಬರು ಪ್ರಯಾಣಿಕರು ಒಂದು ಮನೆಯೊಳಗೆ ಬಂದರು. ಅದನ್ನು ದಾರಿಬದಿಯ ವಸತಿಗೃಹ ಎಂದು ತಿಳಿದು, ಮನೆಯ ಯಜಮಾನನನ್ನೇ ಊಟಕ್ಕೆ ಏನೇನಿದೆ ಎಂದು ದಬಾಯಿಸಿ ಕೇಳಿದರು. ಸಭೆ ನಗುವ ಮೊದಲೇ ನಾನು ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಪ್ರೊಫೆಸರು ತಿರುಗಿ ನೋಡಿದರು. ಈ ಮುದುಕಿಗೆ ಇಂಗ್ಲಿಷ್ ತಿಳಿಯುತ್ತದೆಯೇ ಎಂದು ಅವರಿಗೆ ಆಶ್ಚರ್ಯವಾಗಿರಬೇಕು. ಇಂಗ್ಲಿಷಿನ ಮಾತು ಹಾಗಿರಲಿ, ಆ ನಾಟಕದ ಒಂದೊಂದು ಸಂಭಾಷಣೆಯೂ ನನಗೆ ಕನ್ನಡದಲ್ಲಿ ಬಾಯಿಪಾಠ. ಹೊನ್ನಾವರದ ನಮ್ಮ ಮನೆಯ ಮಾಳಿಗೆಯಲ್ಲಿ ಕೂತು ಅದನ್ನು ಬರೆದುಕೊಂಡವಳು ನಾನು. ಬರೆದದ್ದು ಮಾತ್ರವಲ್ಲ, ಆ ವರ್ಷ ಆ ನಾಟಕ ನಮ್ಮ ಮನೆಯ ಜಗಲಿಯ ಮೇಲೆ ನಿಜವಾಗಿಯೇ ನಡೆದುಹೋಯಿತು.

ಎರಡನೆಯ ಮಹಾಯುದ್ಧ ಮುಗಿಯುವುದಕ್ಕೆ ಮೊದಲಿನ ವರ್ಷ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಅಕ್ಕಿಗೆ ರೇಶನ್, ಸೀಮೆಎಣ್ಣೆಗೆ ರೇಶನ್. ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯ ಬಸ್ಸು ಆಚೆ ದಡದ ಕಾಸರಕೋಡಿನಲ್ಲಿ ನಿಲ್ಲುತ್ತಿತ್ತು, ಕುಮಟೆಯ ಕಡೆಯದು ಈಚೆ ದಡದಲ್ಲಿ. ನಡುವೆ ದೋಣಿ ಹತ್ತಿ ದಾಟಬೇಕು. ಮಳೆಗಾಲದಲ್ಲಿ ಗೇರುಸೊಪ್ಪೆಯ ಕಡೆಯಿಂದ ಕೆಂಪು ನೀರು ಇಳಿದು ಬಂತೆಂದರೆ ದೋಣಿಯವರು ಹುಟ್ಟು ಎತ್ತಿಟ್ಟು ಮನೆಗೆ ಹೋಗುತ್ತಿದ್ದರು. ಆಮೇಲೆ ಹೊಳೆ ಇಳಿಯುವ ತನಕ ಯಾವ ಅಧಿಕಾರಿ ಬಂದು ಕೂಗಿದರೂ ಅವರು ಹೊರಗೆ ಬರುತ್ತಿರಲಿಲ್ಲ.

ನಮ್ಮ ಮನೆ ದೋಣಿ ಹತ್ತುವ ಜಾಗಕ್ಕೆ ಹೋಗುವ ಓಣಿಯಲ್ಲಿತ್ತು. ದೋಣಿ ನಿಂತ ದಿನ ಮುಂದೆ ಹೋಗಲಾಗದವರು ಓಣಿಯ ಮನೆಗಳ ಜಗಲಿ ಹತ್ತುತ್ತಿದ್ದರು. ಅವರಿಗೆ ಕಾಲು ತೊಳೆಯಲು ಬಿಸಿನೀರು ಕೊಟ್ಟು, ಊಟ ಹಾಕುವುದು ನಮ್ಮ ಓಣಿಯ ರೂಢಿ. ಅದರ ಜೊತೆಗೆ ಇನ್ನೊಂದು ರೂಢಿಯೂ ಇತ್ತು. ಬಂದವರು ಉಂಡು, ಕೈತೊಳೆದು, ಎಲೆ ಅಡಿಕೆಯ ಹರಿವಾಣ ಅವರ ಮುಂದೆ ಬರುವ ತನಕ ನೀವು ಯಾರು, ಯಾವೂರು, ಯಾವ ಕೆಲಸಕ್ಕೆ ಹೊರಟಿರಿ ಎಂದು ಕೇಳುವಂತಿಲ್ಲ. ಹಸಿದವನ ಹತ್ತಿರ ಹೆಸರು ಕೇಳುವುದು ಅನ್ನಕ್ಕೆ ಮಾಡುವ ಅವಮಾನ ಎಂದು ನನ್ನ ಅಜ್ಜಿಯ ಪಟ್ಟು. ಯಾರನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಮಾತ್ರ ಕೊರಳಿನ ಜನಿವಾರ ನೋಡಿ ಅವಳೇ ತೀರ್ಮಾನಿಸುತ್ತಿದ್ದಳು. ಆ ಕಾಲ ಹಾಗಿತ್ತು, ಅದನ್ನು ಮುಚ್ಚಿಟ್ಟು ನಮ್ಮ ಮನೆಯನ್ನು ಹೊಗಳಿಕೊಳ್ಳುವುದಿಲ್ಲ.

ನನ್ನ ಆಯಿಯ, ಎಂದರೆ ಅಮ್ಮನ, ತಮ್ಮ ಶೇಷಗಿರಿ ಮಾವ ನಮ್ಮ ಜೊತೆಗೇ ಇದ್ದ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ, ಖಾದಿ ತೊಡುವವನು. ಆ ವರ್ಷದ ಶಾಲೆಯ ಗ್ಯಾದರಿಂಗಿಗೆ, ಎಂದರೆ ವಾರ್ಷಿಕೋತ್ಸವಕ್ಕೆ, ಈ ನಾಟಕವನ್ನು ಕನ್ನಡ ಮಾಡಿ ಆಡಿಸುತ್ತೇನೆ ಎಂದು ಹೊರಟಾಗ ಅವನ ಖಾದಿ ಗೆಳೆಯರೇ ಮನೆಗೆ ಬಂದು ಜಗಳ ತೆಗೆದರು. ನಮ್ಮವರು ಜೈಲಿನಲ್ಲಿ ಕೊಳೆಯುತ್ತಿರುವಾಗ ನಿನಗೆ ಇಂಗ್ಲಿಷರ ನಾಟಕ ಬೇಕಾಯಿತೇ ಎಂದರು. ಮಾವ ಶಾಂತವಾಗಿ, "ಅಂವ ಇಂಗ್ಲಿಷರಂವ ಅಲ್ಲ, ಐರ್ಲೆಂಡಿನಂವ. ಅವ್ರ ಊರಿನ ತಲೆ ಮೇಲೂ ಇವ್ರೇ ಕೂತಿದ್ರು" ಎಂದ. ಗೆಳೆಯರು ಕಷಾಯ ಕುಡಿದು ಹೋದರು.

ಆ ನಾಟಕಕಾರ ಸತ್ತು ನೂರೈವತ್ತು ವರ್ಷಗಳ ಮೇಲಾಗಿತ್ತು. ಆದರೆ ಮಾವ ಅವನ ವಿಷಯ ಹೇಳುವಾಗ ನಿನ್ನೆ ತಾನೇ ಬಂದರದಲ್ಲಿ ಸಿಕ್ಕಿದ್ದ ಎನ್ನುವ ಹಾಗೆ ಹೇಳುತ್ತಿದ್ದ. ಹಳ್ಳಿಯ ಬಡ ಮನೆಯಿಂದ ಲಂಡನ್ನಿಗೆ ಹೋದವನಂತೆ. ನೋಡಲು ಚೆಂದವಿಲ್ಲ, ನಾಲ್ಕು ಜನರ ಎದುರು ಬಾಯಿ ತೆರೆದರೆ ಏನೋ ಹೇಳಲು ಹೋಗಿ ಇನ್ನೇನೋ ಹೇಳಿ ನಗೆಪಾಟಲಾಗುತ್ತಿದ್ದನಂತೆ. ಬರೆಯಲು ಕೂತರೆ ಮಾತ್ರ ಅವನಷ್ಟು ಸಲೀಸಾಗಿ ಬರೆಯುವವರಿಲ್ಲ. ಆಗ ಅಲ್ಲಿಯ ರಂಗಭೂಮಿಯಲ್ಲಿ ಕಣ್ಣೀರಿನ ನಾಟಕಗಳದ್ದೇ ಕಾರುಬಾರು. ಜನ ಅಳುವುದಕ್ಕೆಂದೇ ಹೋಗುತ್ತಿದ್ದರಂತೆ. ಇವನು ಹೋಗಿ ಅವರನ್ನು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ.

ಕಥೆ ಅಂಥ ದೊಡ್ಡದಲ್ಲ. ಒಬ್ಬ ಹುಡುಗನಿದ್ದಾನೆ. ಮರ್ಯಾದಸ್ತರ ಮನೆಯ ಹುಡುಗಿಯರ ಎದುರು ಅವನಿಗೆ ತಲೆ ಎತ್ತಲು ಆಗುವುದಿಲ್ಲ, ಮಾತು ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲಸದ ಹುಡುಗಿಯರ ಹತ್ತಿರವಾದರೆ ನಾಲಿಗೆಗೆ ಲಗಾಮೇ ಇಲ್ಲ. ಅಪ್ಪ ಗೊತ್ತುಮಾಡಿದ ಹೆಣ್ಣನ್ನು ನೋಡಲು ಹೊರಟವನು, ಒಬ್ಬ ಕಿಡಿಗೇಡಿಯ ಮಾತು ನಂಬಿ ಹೆಣ್ಣಿನ ಮನೆಯನ್ನೇ ವಸತಿಗೃಹ ಎಂದು ತಿಳಿಯುತ್ತಾನೆ. ಹುಡುಗಿ ಜಾಣೆ. ಕೆಲಸದವಳ ಸೋಗಿನಲ್ಲಿ ಅವನ ಮುಂದೆ ಸುಳಿದಾಡಿ ಅವನ ಒಳಗು ಏನೆಂದು ತಿಳಿದುಕೊಳ್ಳುತ್ತಾಳೆ.

ಮಾವ ಓದಿ ಅರ್ಥ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಬರೆಯುತ್ತ ಹೋದಂತೆ ನನಗೆ ಆಶ್ಚರ್ಯ. ಎಲ್ಲಿಯ ಐರ್ಲೆಂಡು, ಎಲ್ಲಿಯ ಹೊನ್ನಾವರ! ಅದರಲ್ಲಿ ಒಬ್ಬ ಯಜಮಾನನಿದ್ದಾನೆ, ಹಳೆಯ ಯುದ್ಧದ ಕಥೆಯನ್ನು ಬಂದವರಿಗೆಲ್ಲ ಮತ್ತೆ ಮತ್ತೆ ಹೇಳುತ್ತಾನೆ. ಮನೆಯವರಿಗೆ ಅದು ಸಾಕಾಗಿಹೋಗಿದೆ. ನಮ್ಮ ಅಪ್ಪ ಕೋರ್ಟಿನಲ್ಲಿ ಕಾರಕೂನ. ಅವನ ಹತ್ತಿರವೂ ಒಂದು ತೆಂಗಿನ ತೋಟದ ತಕರಾರಿನ ಕಥೆಯಿತ್ತು. ಅದನ್ನು ಕೇಳದೆ ನಮ್ಮ ಮನೆಯಿಂದ ಯಾವ ನೆಂಟರೂ ಎದ್ದುಹೋದದ್ದಿಲ್ಲ. ಪೇಟೆಯವರ ಹಾಗೆ ಕಾಣಬೇಕೆಂದು ಒದ್ದಾಡುವ ಒಬ್ಬ ಹೆಂಗಸಿದ್ದಾಳೆ, ಅವಳು ಥೇಟು ನಮ್ಮ ಎದುರುಮನೆಯಾಕೆ. ಇಂಥವರನ್ನೆಲ್ಲ ನೋಡಿ ನಾಟಕಕಾರ ನಗುತ್ತಾನೆ, ಆದರೆ ಯಾರನ್ನೂ ಹೀಯಾಳಿಸುವುದಿಲ್ಲ. ಇಡೀ ನಾಟಕ ತಡಕಾಡಿದರೂ ಒಬ್ಬ ದುಷ್ಟ ಸಿಕ್ಕುವುದಿಲ್ಲ. ದುಷ್ಟನೊಬ್ಬನನ್ನು ಇಟ್ಟುಕೊಂಡರೆ ಯಾರು ಬೇಕಾದರೂ ನಾಟಕ ಕಟ್ಟಬಹುದು, ಇವನು ಒಳ್ಳೆಯವರನ್ನೇ ಇಟ್ಟುಕೊಂಡು ಇಷ್ಟು ಗೋಜಲು ಮಾಡಿದ್ದಾನಲ್ಲ ಎಂದು ಮಾವ ಪುಟ ತಿರುಗಿಸುವುದನ್ನೂ ಮರೆತು ಕೂರುತ್ತಿದ್ದ. ಗೋಜಲಾಗುವುದಕ್ಕೆ ಕಾರಣವೂ ಒಂದೇ. ಎಲ್ಲರೂ ತಮಗೆ ಗೊತ್ತಿದೆ ಎಂದುಕೊಂಡಿದ್ದಾರೆ, ಯಾರೂ ಎದುರಿಗಿದ್ದವರನ್ನು ಕೇಳಿ ನೋಡುವುದಿಲ್ಲ.

ಮಾವನ ಕನ್ನಡದಲ್ಲಿ ವಸತಿಗೃಹ ಖಾನಾವಳಿಯಾಯಿತು, ಕುದುರೆಗಾಡಿ ಎತ್ತಿನ ಗಾಡಿಯಾಯಿತು. ನಾಟಕದ ಹೆಂಗಸರು ಮಾತ್ರ ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದರು. ಹೆಂಗಸರು ಹೀಗೆ ಮಾತಾಡುವುದಿಲ್ಲ ಎಂದು ಅದನ್ನೆಲ್ಲ ನಾನು ಹೊಡೆದುಹಾಕಿ ಬೇರೆ ಬರೆದೆ. ತಾಲೀಮು ನೋಡಲು ಮಾತ್ರ ನನಗೆ ಅಪ್ಪಣೆಯಿರಲಿಲ್ಲ. ಬೆಳೆದ ಹುಡುಗಿ ಹುಡುಗರ ನಡುವೆ ಕೂರುವುದುಂಟೇ? ನಾಯಕಿಯ ಪಾತ್ರಕ್ಕೆ ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗನನ್ನು ಹಾಕಿದ್ದರು. ನಾನು ಬರೆದ ಮಾತುಗಳನ್ನು ಅವನು ಗೊಗ್ಗರು ದನಿಯಲ್ಲಿ ಹೇಳುವುದು ಶಾಲೆಯ ಕಡೆಯಿಂದ ಗಾಳಿ ಬೀಸಿದಾಗ ಮಾಳಿಗೆಯ ತನಕ ಕೇಳುತ್ತಿತ್ತು. ಕೇಳಿ ಹೊಟ್ಟೆ ಉರಿಯುತ್ತಿತ್ತು.

ನನಗೆ ಆಗ ಹದಿನೆಂಟು. ನಮ್ಮ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದ ಹುಡುಗಿ ನಾನೊಬ್ಬಳೇ. ಶಾಲೆಯಲ್ಲಿ ಕಲಿಸಬೇಕು ಎನ್ನುವುದೊಂದೇ ಆಸೆ. ಅಪ್ಪ ಬೇಡವೆನ್ನಲಿಲ್ಲ, ಅದು ಗಂಡನ ಮನೆಯವರಿಗೆ ಬಿಟ್ಟದ್ದು ಎಂದ. ಗಂಡನ ಮನೆಯವರು ಬಿಡುವರೋ ಇಲ್ಲವೋ ಎಂದು ಮದುವೆಗೆ ಮೊದಲು ತಿಳಿಯುವ ದಾರಿ ಯಾವುದು? ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ಅವಲಕ್ಕಿಯ ತಾಟು ತಂದಿಡಬೇಕು, ನಮಸ್ಕಾರ ಮಾಡಬೇಕು, ಒಂದು ಹಾಡು ಹೇಳಿ ಒಳಗೆ ಹೋಗಬೇಕು. ಹುಡುಗ ತನ್ನ ಕಾಲಿನ ಹೆಬ್ಬೆರಳು ನೋಡುತ್ತ ಕೂರಬೇಕು. ಅಷ್ಟರಲ್ಲಿ ಜನ್ಮದ ತೀರ್ಮಾನ. ಶ್ರಾವಣದಲ್ಲಿ ನನ್ನನ್ನು ನೋಡಲು ಮಾವಳ್ಳಿಯಿಂದ ಒಂದು ಗಂಡಿನ ಕಡೆಯವರು ಬರುವುದೆಂದು ಗೊತ್ತಾಯಿತು. ಹುಡುಗ ಭಟ್ಕಳದ ಪೋಸ್ಟ್ ಆಫೀಸಿನಲ್ಲಿದ್ದಾನೆ, ತಂದೆಯಿಲ್ಲ, ತಾಯಿ ಬಹಳ ಖಡಕ್ಕು, ಅಕ್ಕನ ಗಂಡನೇ ಮುಂದಾಳು ಎಂದು ಮಧ್ಯಸ್ಥರು ಹೇಳಿದ್ದರು. ಈ ಸಂಬಂಧ ತಪ್ಪಿಸಿಕೊಳ್ಳಬಾರದು ಎಂದು ಅಪ್ಪನ ನಿರ್ಧಾರ. ಮಾಳಿಗೆಯಲ್ಲಿ ಬರೆಯುವಾಗ ನನ್ನ ಕೈ ನಡುನಡುವೆ ನಿಂತುಬಿಡುತ್ತಿತ್ತು. ಈ ನಾಯಕಿಗೆ ಸಿಕ್ಕಿದ ಒಂದು ತಾಸು ನನಗೂ ಸಿಕ್ಕಿದ್ದರೆ ಎಂದು ಯೋಚಿಸುತ್ತಿದ್ದೆ.

ಅವರು ಬರುವುದಕ್ಕೆ ಒಂದು ದಿನ ಮೊದಲು ಮಳೆ ಹಿಡಿದುಕೊಂಡಿತು. ಮಧ್ಯಾಹ್ನವೇ ಮನೆಯೊಳಗೆ ದೀಪ ಬೇಕಾಗುವಷ್ಟು ಕತ್ತಲೆ. ದೋಣಿ ನಿಂತ ಸುದ್ದಿಯ ಬೆನ್ನಿಗೇ ಜಗಲಿ ತುಂಬ ಒದ್ದೆ ಜ‌ನ. ಆಯಿ ಅಕ್ಕಿಯ ಡಬ್ಬಿ ನೋಡಿ ನಿಟ್ಟುಸಿರು ಬಿಟ್ಟು, ಮೊಗೆಕಾಯಿ ಹುಳಿಗೆ ಹಲಸಿನ ಬೀಜ ಸೇರಿಸಿ ಹೆಚ್ಚಿಸಿದಳು. ನಾನು ಹಸಿ ಕಟ್ಟಿಗೆ ಊದಿ ಊದಿ ಹಂಡೆಯ ನೀರು ಕಾಯಿಸಿ, ಮೋರೆಗೆಲ್ಲ ಬೂದಿ ಮೆತ್ತಿಕೊಂಡು, ಹಳೆಯ ಸೀರೆಯ ಸೆರಗು ಬಿಗಿದು ಬಡಿಸಲು ನಿಂತೆ. ಪಂಕ್ತಿಯಲ್ಲಿ ಕೊನೆಗೆ ಬಂದು ಕೂತವರು ಇಬ್ಬರು. ಒಬ್ಬ ಇಪ್ಪತ್ತೈದರ ಹುಡುಗ, ಇನ್ನೊಬ್ಬ ದಪ್ಪ ಮೀಸೆಯವನು. ಅವರ ಪಕ್ಕದ ಎಲೆಯಲ್ಲಿ ಮಾವ. ಅಪ್ಪ ದೇವರ ಕೋಣೆಯಲ್ಲಿದ್ದ.

ಮೀಸೆಯವನದು ಮೊದಲಿನಿಂದಲೇ ದರ್ಬಾರು. ಎಲೆ ಸರಿಯಾಗಿ ತೊಳೆದಿಲ್ಲ ಎಂದ. ಮಜ್ಜಿಗೆ ನೀರಾಗಿದೆ ಎಂದ. ಖಾನಾವಳಿ ಎಂದ ಮೇಲೆ ಹಪ್ಪಳ ಬೇಡವೇ ಎಂದು ನನ್ನನ್ನೇ ಕೇಳಿದ. ನಮ್ಮ ಓಣಿಯ ಕೊನೆಯಲ್ಲಿ ನಿಜವಾದ ಖಾನಾವಳಿ ಒಂದಿತ್ತು, ಅದರ ಯಜಮಾನ ಬೀಗ ಹಾಕಿ ನೆಂಟರ ಮನೆಗೆ ಹೋಗಿದ್ದ. ಜಗಲಿಯ ತುಂಬ ಉಣ್ಣುವವರನ್ನು ನೋಡಿ ಇವರು ಇದೇ ಎಂದುಕೊಂಡಿದ್ದರು. ನಮ್ಮವರಂತೂ ಹೆಸರು ಕೇಳುವ ಹಾಗಿಲ್ಲ, ಅವರಿಗೆ ಕೇಳುವ ಅಗತ್ಯವಿಲ್ಲ. ಒಳಗೆ ಹೋಗಿ, ಹಪ್ಪಳ ಬೇಕಂತೆ ಎಂದು ಆಯಿಗೆ ಹೇಳಿದೆ. ಪಾಪ, ಎಷ್ಟು ಹಸಿದಿದ್ದಾರೋ ಎಂದು ಅವಳು ಕೆಂಡದ ಮೇಲೆ ಹಪ್ಪಳ ಸುಟ್ಟುಕೊಟ್ಟಳು. ಹಪ್ಪಳ ಹಿಡಿದುಕೊಂಡು ಹೊರಗೆ ಬಂದಾಗ ಮೀಸೆಯವನು ಹುಡುಗನಿಗೆ ಬುದ್ಧಿ ಹೇಳುತ್ತಿದ್ದ.

"ನಾಳೆ ಕಾರಕೂನ್ರ ಮನೇಲಿ ಹೀಂಗೆ ಸುರ್ ಸುರ್ ಮಾಡಿ ಉಣ್ಬೇಡ. ಹೆಣ್ಣು ನೋಡೂಕೆ ಬಂದವ್ರು ಗಂಭೀರ ಇರ್ಬೇಕು."

ನಾಳೆ ನನ್ನನ್ನು ನೋಡಲು ಬರಬೇಕಾದವರು ಇವರೇ. ಹೊಳೆ ಏರುವ ಸುದ್ದಿ ಕೇಳಿ ಇವರು ಒಂದು ದಿನ ಮೊದಲೇ ದಾಟಿದ್ದರು. ಹೇಳಿದ ದಿನ ಬಿಟ್ಟು ಹೆಣ್ಣಿನ ಮನೆಗೆ ಹೋಗುವುದು ಸರಿಯಲ್ಲವೆಂದು ರಾತ್ರಿ ಖಾನಾವಳಿಯಲ್ಲಿ ಕಳೆಯುವ ವಿಚಾರ. ಮಾವನೂ ಕೇಳಿಸಿಕೊಂಡಿದ್ದ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾವ ತಲೆ ಬಗ್ಗಿಸಿ ಅನ್ನ ಕಲಸತೊಡಗಿದ. ಅವನ ಹೆಗಲು ಮಾತ್ರ ಕುಲುಕುತ್ತಿತ್ತು. ಎಲೆ ಅಡಿಕೆಯ ಹರಿವಾಣ ಬರುವ ತನಕ ನನಗೆ ಕಾಲಾವಕಾಶವಿತ್ತು. ಐರ್ಲೆಂಡಿನ ಆ ಪುಣ್ಯಾತ್ಮನನ್ನು ಮನಸ್ಸಿನಲ್ಲೇ ನೆನೆದು ನಾನು ಸಾರಿನ ಪಾತ್ರೆ ಎತ್ತಿಕೊಂಡೆ.

ಹುಡುಗ ಎರಡು ಸಲ ಸಾರು ಹಾಕಿಸಿಕೊಂಡ, ಎರಡು ಸಲವೂ 'ಸಾಕು ತಂಗಿ' ಎಂದ. ಊಟ ಮುಗಿಸಿ ಎಲ್ಲರಿಗಿಂತ ಮೊದಲು ಎದ್ದು ಅಂಗಳದ ಕಲ್ಲಿನ ಹತ್ತಿರ ಬಂದ. ನಾನು ತಂಬಿಗೆಯಿಂದ ಅವನ ಕೈಗೆ ನೀರು ಹೊಯ್ದೆ.

"ಈ ಓಣೀಲಿ ಕೋರ್ಟಿನ ಕಾರಕೂನ್ರ ಮನೆ ಎಲ್ಲಿ ಬತ್ತದೆ ತಂಗಿ?" ಎಂದು ಕೇಳಿದ.

ದೂರವಿಲ್ಲ ಎಂದೆ. ಅವರ ಮಗಳು ಗುರುತುಂಟೇ ಎಂದು ಕೇಳಿದ. ದಿನಾ ನೋಡುತ್ತೇನೆ ಎಂದೆ. ಹೇಗಿದ್ದಾಳೆ ಎಂದದ್ದಕ್ಕೆ, ಸ್ವಲ್ಪ ಜೋರು ಎಂದೆ. ಅವನು ನಕ್ಕ. ನಗು ಚೆನ್ನಾಗಿತ್ತು.

"ಅವ್ಳಿಗೆ ಶಾಲೇಲಿ ಕಲ್ಸೂಕೆ ಹೋಗ್ಬೇಕು ಹೇಳಿ ಹಟ. ನಿಮ್ಮಲ್ಲಿ ಬಿಡ್ತ್ರಾ?" ಎಂದು ಕೇಳಿದೆ. 

ಅವನು ಕೈ ಒರೆಸಿಕೊಳ್ಳದೆ ಯೋಚಿಸಿದ. "ನಂಗೆ ಅಡ್ಡಿಲ್ಲ. ಹೋದ್ರೆ ಒಳ್ಳೇದೇ. ಆದ್ರೆ ನಮ್ಮ ಆಯಿ ಎದುರು ನಂಗೆ ಬಾಯಿ ಬರೂದಿಲ್ಲ. ಆಯಿ ಬೇಡ ಹೇಳ್ತಾಳೆ, ನಾ ಸುಮ್ನಿರ್ತೆ. ಅಷ್ಟೇ ಆಗೂದು." ಕೈ ಒರೆಸಿಕೊಳ್ಳುತ್ತ, "ಪಾಪ, ಆ ಹುಡ್ಗಿಗೆ ಇದೆಲ್ಲ ಯಾರು ಹೇಳ್ತ್ರು?" ಎಂದ.

ಅಷ್ಟರಲ್ಲಿ ಅಪ್ಪ ಹರಿವಾಣ ಹಿಡಿದುಕೊಂಡು ಜಗಲಿಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ಮೀಸೆಯವನು ಸೊಂಟದ ಚೀಲ ಬಿಚ್ಚಿ "ಇಬ್ಬರದ್ದು ಎಷ್ಟಾತು?" ಎಂದುಬಿಟ್ಟ.  ನಮ್ಮ ಮನೆಯ ಅನ್ನಕ್ಕೆ ಬೆಲೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಇದು ಮನೆ ಎಂದು ಅಪ್ಪ ಹೇಳಿದ. ಆಮೇಲೆ ರೂಢಿಯಂತೆ ಯಾವೂರಾಯಿತು ಎಂದು ಕೇಳಿದ. ಮಾವಳ್ಳಿ ಎಂಬ ಮಾತು ಬಂದದ್ದೇ ಅಪ್ಪನ ಮೋರೆಯ ಬಣ್ಣ ಇಳಿಯಿತು. ಇದೇ ಕಾರಕೂನರ ಮನೆ ಎಂದು ತಿಳಿದಾಗ ಮೀಸೆಯವನದು ಅದಕ್ಕಿಂತ ಹೆಚ್ಚು ಇಳಿಯಿತು. ಹುಡುಗ ತಿರುಗಿ ತಂಬಿಗೆ ಹಿಡಿದು ನಿಂತಿದ್ದ ನನ್ನನ್ನು ನೋಡಿದ.

ನಾಟಕದಲ್ಲಾದರೆ ಅವಮಾನವಾದವನು ಗಾಡಿ ಕಟ್ಟಿಸಿ ಹೊರಟುಹೋಗಬಹುದು. ಇಲ್ಲಿ ಹೊಳೆ ತುಂಬಿ ಹೋಗುತ್ತಿತ್ತು, ಖಾನಾವಳಿಗೆ ಬೀಗ. ಮೀಸೆಯವನು, ಎಂದರೆ ಹುಡುಗನ ಭಾವ, ಕೊಡೆ ಬಿಡಿಸಿಕೊಂಡು ಓಣಿಯ ಕೊನೆಯ ತನಕ ಹೋಗಿ, ಬೀಗ ನೋಡಿ, ತೊಯ್ದುಕೊಂಡು ತಿರುಗಿ ಬಂದು ನಮ್ಮ ಜಗಲಿಯ ಮೂಲೆಯಲ್ಲಿ ಗೋಡೆಯ ಕಡೆ ಮೋರೆ ಮಾಡಿ ಕೂತ. ಮಾವ ಅವನನ್ನು ಸಮಾಧಾನ ಮಾಡಲು ಹೋಗಿ, ಐರ್ಲೆಂಡಿನ ನಾಟಕದಲ್ಲೂ ಥೇಟು ಹೀಗೆಯೇ ಆಗುತ್ತದೆ ಎಂದು ಕಥೆ ಹೇಳಿದ. ಅದರಿಂದ ಬೆಂಕಿಗೆ ಎಣ್ಣೆ ಹೊಯ್ದ ಹಾಗಾಯಿತು. ಬೇಕೆಂದೇ ತಮ್ಮನ್ನು ಆಟದ ಗೊಂಬೆ ಮಾಡಿದ್ದಾರೆ ಎಂದು ಭಾವನಿಗೆ ಖಾತ್ರಿಯಾಯಿತು. ಒಳಗೆ ಅಜ್ಜಿಯದು ಬೇರೆಯೇ ತಕರಾರು. ತಂಗಿ ಎಂದು ಕರೆದವನ ಜೊತೆ ಮದುವೆ ಹೇಗಾಗುತ್ತದೆ ಎಂದು.

ಮಾರನೆಯ ದಿನ ಬೆಳಿಗ್ಗೆ, ಗೊತ್ತಾದ ಮುಹೂರ್ತಕ್ಕೆ, ಯಾರಿಗೂ ಮನಸ್ಸಿಲ್ಲದಿದ್ದರೂ ಶಾಸ್ತ್ರ ನಡೆಯಿತು. ಆಯಿ ರೇಷ್ಮೆ ಸೀರೆ ತೆಗೆದಿಟ್ಟಿದ್ದಳು. ನಾನು ನಿನ್ನೆಯ ಹಳೆಯ ಸೀರೆಯಲ್ಲೇ ಅವಲಕ್ಕಿಯ ತಾಟು ತಂದಿಟ್ಟೆ. ಇನ್ನು ವೇಷ ಹಾಕಿ ಆಗಬೇಕಾದ್ದೇನಿತ್ತು? ಅಪ್ಪ ಮೆಲುದನಿಯಲ್ಲಿ, ಹುಡುಗಿಯ ಹತ್ತಿರ ಏನಾದರೂ ಕೇಳುವುದಿದ್ದರೆ ಕೇಳಿ ಎಂದ.

ಹುಡುಗ ಹೆಬ್ಬೆರಳು ನೋಡುತ್ತಲೇ ಹೇಳಿದ. "ನಂಗೆ ಕೇಳೂದು ಎಂತ ಇಲ್ಲ. ಅವ್ರಿಗೇ ಎಂತಾದ್ರೂ ಕೇಳೂದಿದ್ರೆ ಕೇಳ್ಲಿ."

ಅಂಥ ಮಾತು ನಮ್ಮ ಓಣಿಯಲ್ಲಿ ಯಾವ ಹುಡುಗನೂ ಆಡಿದ್ದಿಲ್ಲ. ನಾನು ಹಿಂದಿನ ದಿನದ ಪ್ರಶ್ನೆಯನ್ನೇ, ಅದೇ ಶಬ್ದಗಳಲ್ಲಿ, ಎಲ್ಲರ ಎದುರು ಕೇಳಿದೆ. ಭಾವ ಗುರಾಯಿಸಿದ. ಅಪ್ಪ ಕಣ್ಣು ಮುಚ್ಚಿಕೊಂಡ. ಹುಡುಗ ದೊಡ್ಡ ಮಾತಾಡಿ ಗೆಲ್ಲಬಹುದಿತ್ತು. ಧಾರಾಳವಾಗಿ ಹೋಗಲಿ ಎನ್ನಬಹುದಿತ್ತು, ಮದುವೆಯಾದ ಮೇಲೆ ಯಾರು ಕೇಳುತ್ತಾರೆ? ಅಥವಾ ಭಾವನ ಎದುರು ಗಂಡಸುತನ ತೋರಿಸಿ ಬೇಡವೆನ್ನಬಹುದಿತ್ತು. ಅವನು ಕೆಂಪಾಗಿ, ಬೆವರಿ, "ನಿನ್ನೆ ಹೇಳಿದ್ದೇ. ನಂಗೆ ಅಡ್ಡಿಲ್ಲ. ಆಯಿ ಎದುರು ಬಾಯಿ ಬರೂದಿಲ್ಲ" ಎಂದ.

ಆ ಗಳಿಗೆಯಲ್ಲಿ ನನಗೆ ಅವನು ಇಷ್ಟವಾದ. ಮುಚ್ಚುಮರೆಯೇಕೆ, ಬಹಳ ಇಷ್ಟವಾದ. ನಾಟಕದ ಹುಡುಗನಿಗೆ ಕೆಲಸದವಳ ಎದುರು ಒಂದು ಮಾತು, ಮನೆಮಗಳ ಎದುರು ಇನ್ನೊಂದು. ಇವನಿಗೆ ಎರಡೂ ಕಡೆ ಒಂದೇ ಮಾತು, ಅದು ಅಂಜುಬುರುಕನ ಮಾತಾದರೂ ಆಗಲಿ. ಅಂಗಳದ ಕಲ್ಲಿನ ಹತ್ತಿರದ ಆ ನಾಲ್ಕು ಮಾತು ಇರದಿದ್ದರೆ ಇದನ್ನು ಅಳೆಯಲು ನನಗೆ ಅಳತೆಯೇ ಸಿಗುತ್ತಿರಲಿಲ್ಲ. ಆ ನಾಟಕಕಾರನಿಗೆ ಹೆಣ್ಣುಮಕ್ಕಳ ಮನಸ್ಸು ಎಷ್ಟು ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಪೂರ್ತಿ ತಿಳಿದದ್ದು ಆಗಲೇ.

"ಆತು. ಹಾಂಗಾದ್ರೆ ನಿಮ್ಮ ಆಯಿ ಹತ್ರ ನಾನೇ ಕೇಳ್ತೆ" ಎಂದೆ.

ಭಾವ ಎದ್ದುಬಿಟ್ಟ. ಮಧ್ಯಾಹ್ನ ಹೊಳೆ ಇಳಿದು ದೋಣಿ ಬಿಟ್ಟ ಕೂಡಲೇ ಹುಡುಗನನ್ನು ಕರೆದುಕೊಂಡು ಹೊರಟುಹೋದ. ಆಮೇಲೆ ಚೌತಿ ಬಂತು, ದಸರೆ ಬಂತು, ದೀಪಾವಳಿಯೂ ಹೋಯಿತು. ಮಾವಳ್ಳಿಯಿಂದ ಒಂದು ಮಾತೂ ಇಲ್ಲ. ಅಪ್ಪ ಮಾವನ ಜೊತೆ ಮಾತು ಬಿಟ್ಟಿದ್ದ. ಊರಿನವರು ಕಾರಕೂನರ ಖಾನಾವಳಿ ಎಂದು ಆಡಿಕೊಂಡು ನಗುತ್ತಿದ್ದರು. ನನಗೆ ಊರಿನವರ ಚಿಂತೆಯಿರಲಿಲ್ಲ. ಹೋದವನು ಹೋಗಿಯೇಬಿಟ್ಟನೇ ಎಂಬ ಸಂಕಟ ಮಾತ್ರ ಕೂತಲ್ಲಿ ನಿಂತಲ್ಲಿ ಇತ್ತು. ಇಂಥ ಹೊತ್ತಿನಲ್ಲಿ ಆ ನಾಟಕ ಬೇಡ ಎಂದು ಆಯಿ ಕೂಡ ಹೇಳಿನೋಡಿದಳು. ಮಾವ ಕೇಳಲಿಲ್ಲ. ಕೇಳದಿದ್ದದ್ದು ಮಾತ್ರವಲ್ಲ, ತಾನೇ ಮಾವಳ್ಳಿಗೆ ಹೋಗಿ ಗ್ಯಾದರಿಂಗಿನ ಆಮಂತ್ರಣ ಕೊಟ್ಟುಬಂದ.

ಅವರು ಬಂದರು! ನಾವು ಹೆಂಗಸರು ಬಿದಿರುಕಡ್ಡಿಯ ಪರದೆಯ ಹಿಂದೆ ಕೂತಿದ್ದೆವು. ಸಂದಿಯಿಂದ ಮುಂದಿನ ಸಾಲಿನ ಮೀಸೆ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಬಗ್ಗಿಸಿದ ಒಂದು ತಲೆ. ಪ್ರಯಾಣಿಕರು ಮನೆಯೊಳಗೆ ನುಗ್ಗಿ ಯಜಮಾನನಿಗೆ ಅಡುಗೆಯ ಹುಕುಂ ಕೊಡುವ ಭಾಗ ಬಂತು. ಸಭೆಯಲ್ಲಿ ಅರ್ಧ ಜನ ನಾಟಕ ನೋಡದೆ ಭಾವನನ್ನೇ ನೋಡುತ್ತಿದ್ದರು. ಭಾವನಿಗೆ ಅದರ ಪರಿವೆಯೇ ಇಲ್ಲ. ಅವನು ನಾಟಕದಲ್ಲಿ ಮುಳುಗಿಹೋಗಿದ್ದ. ತೊಡೆ ತಟ್ಟಿ ನಗುತ್ತ, ಪಕ್ಕದವರಿಗೆ ಕೇಳುವಂತೆ, ಮನೆ ಯಾವುದು ಖಾನಾವಳಿ ಯಾವುದು ಎಂದು ತಿಳಿಯದ ಇಂಥ ಪೆದ್ದರೂ ಇರುತ್ತಾರೆಯೇ ಎಂದ. ಎಂದವನು ಅಲ್ಲಿಗೇ ನಿಂತ. ಸಭೆಗೆ ಸಭೆಯೇ ಕಾದು ಕೂತಿತ್ತು. ಅವನ ಹೊಟ್ಟೆಯಿಂದ ಮೊದಲು ಒಂದು ಗುಡುಗುಡು ಸದ್ದು ಬಂತು. ಆಮೇಲೆ ಶಾಲು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಹೀಯಾಳಿಸಿ ಬರೆದ ನಾಟಕವಾಗಿದ್ದರೆ ಅವನು ಎದ್ದು ಹೋಗುತ್ತಿದ್ದ. ಪ್ರೀತಿಯಿಂದ ನಗುವವನ ಎದುರು ಎಷ್ಟು ಹೊತ್ತು ಮೋರೆ ಗಂಟುಹಾಕಿ ಕೂರಲು ಆಗುತ್ತದೆ? ನಾಟಕ ಮುಗಿದ ಮೇಲೆ ಅವನು ನೆಟ್ಟಗೆ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಕೂತು, ಸಾರು ಉಂಟೋ ಎಂದು ಕೇಳಿದ. ಮನೆಯೆಂದು ಗೊತ್ತಿದ್ದೇ ಕೇಳಿದ. ಉಂಡು ಹೊರಡುವಾಗ, ಮುರ್ಡೇಶ್ವರನ ದರ್ಶನಕ್ಕೆಂದು ಬನ್ನಿ, ಹಾಗೆಯೇ ಮಾವಳ್ಳಿಗೂ ಕಾಲು ಹಾಕಿ, ಅತ್ತೆಯ ಹತ್ತಿರ ಹುಡುಗಿ ಏನೋ ಕೇಳುತ್ತೇನೆ ಎಂದಿದ್ದಳಲ್ಲ ಎಂದ.

ಪುಷ್ಯದಲ್ಲಿ ಹೋದೆವು, ಆಯಿ, ಮಾವ ಮತ್ತು ನಾನು. ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆ. ಹುಡುಗನ ತಾಯಿ ಅಂಗಳದಲ್ಲಿ ಬೇಯಿಸಿದ ಭತ್ತವನ್ನು ಚಾಪೆಯ ಮೇಲೆ ಹರವುತ್ತಿದ್ದರು. ತೆಳ್ಳಗಿನ, ಎತ್ತರದ ಹೆಂಗಸು. ನಗುವಿಲ್ಲ. ಗಂಡಸರೆಲ್ಲ ಅವರಿಂದ ಸ್ವಲ್ಪ ದೂರದಲ್ಲೇ ನಿಂತು ಮಾತಾಡುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಹೋಗಿ ಚಾಪೆಯ ಇನ್ನೊಂದು ತುದಿಯಲ್ಲಿ ಕೂತು ಭತ್ತ ಹರವತೊಡಗಿದೆ.  ಆಮೇಲೆ ಕೇಳಿದೆ. ಮದುವೆಯಾದ ಮೇಲೆ ಶಾಲೆಯಲ್ಲಿ ಕಲಿಸಲು ಹೋಗಬೇಕೆಂದು ಆಸೆಯಿದೆ, ನೀವು ಬಿಡುತ್ತೀರಾ ಎಂದು.

ಜಗಲಿಯ ಮೇಲೆ ಹುಡುಗ ಹೆಬ್ಬೆರಳು ನೋಡುತ್ತಿದ್ದ. ಅವರು ಭತ್ತದಿಂದ ಕೈ ತೆಗೆದು ಮೊದಲು ಮಗನನ್ನು ನೋಡಿದರು, ಆಮೇಲೆ ಅಳಿಯನನ್ನು.

"ಆಯಿ ಬೇಡ ಹೇಳ್ತಾಳೆ ಹೇಳಿ ಇವ್ರೇ ಹೇಳ್ಕಂತ್ರು, ಇವ್ರೇ ಹೆದರ್ಕಂತ್ರು. ಈ ಮನೆಗೆ ಬಂದಾಗಿಂದ ನನ್ನ ಹತ್ರ ಹೀಂಗೆ ಎದ್ರು ಕೂತು ಯಾರೂ ಎಂತೂ ಕೇಳಿದ್ದಿಲ್ಲ. ನೀನೇ ಮೊದ್ಲು."

ಅವರ ದನಿ ಗಡುಸಾಗಿಯೇ ಇತ್ತು. ಕಣ್ಣು ಮಾತ್ರ ಒದ್ದೆಯಾಗಿತ್ತು. ನಾನು ತಲೆ ಬಗ್ಗಿಸಿ ಭತ್ತ ಹರವುತ್ತಲೇ ಇದ್ದೆ. ಸೆರಗಿನಿಂದ ಮೋರೆ ಒರೆಸಿಕೊಂಡು ಅವರು ಮತ್ತೆ ಕೇಳಿದರು.

"ಶಾಲೆ ಎಷ್ಟೊತ್ತಿಗೆ ಸುರು?"

ಹನ್ನೊಂದಕ್ಕೆ ಎಂದೆ.

"ಹಾಂಗಾದ್ರೆ ಹತ್ತು ಗಂಟೆಗೇ ಅನ್ನ ಆಗ್ಬೇಕು" ಎಂದು ಹೇಳಿ, ಭತ್ತದ ಇನ್ನೊಂದು ಬುಟ್ಟಿಯನ್ನು ನನ್ನ ಕಡೆ ದೂಡಿದರು.